ನಿದ್ದೆ, ಹೊಟ್ಟೆ ಮತ್ತು ಗೋವಾದ ಪಂಡಿತರು



"ರಾತ್ರಿ ನಿದ್ದೆ ಬರ್ತಿಲ್ಲ" ಎಂದು ಯಾರಾದರೂ ಹೇಳಿದರೆ ನಮ್ಮ ಮನೆಯ ಹಿರಿಯರು ಮೊದಲು ಕೇಳುವ ಪ್ರಶ್ನೆ ಯಾವುದು? "ರಾತ್ರಿ ಏನು ಉಂಡಿದ್ದೆ?" ಹೊಟ್ಟೆ ಸರಿಯಿಲ್ಲ ಎಂದರೆ ಪ್ರಶ್ನೆ ತಿರುಗುತ್ತದೆ: "ನಿದ್ದೆ ಸರಿಯಾಗಿ ಮಾಡಿದ್ದೀಯಾ?" ನಿದ್ದೆಗೂ ಹೊಟ್ಟೆಗೂ ಗಂಟು ಹಾಕುವ ಈ ಯೋಚನೆ ನಮ್ಮ ಅಜ್ಜಿಯಂದಿರದ್ದು ಮಾತ್ರವಲ್ಲ. ಜಗತ್ತಿನ ಹಲವು ಹಳೆಯ ವೈದ್ಯಪದ್ಧತಿಗಳಲ್ಲಿ ಇದು ಇದೆ. ಅವುಗಳಲ್ಲಿ ಎರಡು ಪದ್ಧತಿಗಳು ಸುಮಾರು 500 ವರ್ಷಗಳ ಹಿಂದೆ ಎದುರಾಬದುರಾಗಿ ಕುಳಿತ ಊರು ಯಾವುದು ಗೊತ್ತೇ? ನಾವು ಈಗ ಬದುಕುತ್ತಿರುವ ಗೋವಾ! ಆ ಕಥೆಯನ್ನು ಇವತ್ತು ನೋಡೋಣ.

ಎಲ್ಲರಿಗೂ ಒಂದೇ ಮದ್ದಲ್ಲ

ಮೊದಲು ಸ್ವಲ್ಪ ದೂರದ ಕೊರಿಯಾಕ್ಕೆ ಹೋಗಿ ಬರೋಣ, ಏಕೆಂದರೆ ಈ ಯೋಚನೆ ಅಲ್ಲಿ ಬಹಳ ಸ್ಪಷ್ಟವಾಗಿದೆ. ಅಲ್ಲಿ ಲೀ ಜೆ-ಮಾ ಎಂಬ ವೈದ್ಯನಿದ್ದ. 1894ರಲ್ಲಿ ಅವನು 'ದೊಂಗುಯಿ ಸುಸೆ ಬೊವೊನ್' ಎಂಬ ಗ್ರಂಥ ಬರೆದ. ಅವನು 1900ರಲ್ಲಿ ತೀರಿಕೊಂಡ ಮೇಲೆ, 1901ರಲ್ಲಿ, ಅದು ಅಚ್ಚಾಯಿತು. ಮನುಷ್ಯರಲ್ಲಿ ಹುಟ್ಟಿನಿಂದಲೇ ನಾಲ್ಕು ಬಗೆಯ ದೇಹಪ್ರಕೃತಿಗಳಿವೆ ಎಂದು ಅವನು ಹೇಳಿದ. ಒಂದೇ ಕಾಯಿಲೆ ಬಂದರೂ ಆ ನಾಲ್ವರಿಗೆ ಮದ್ದು ಬೇರೆ ಬೇರೆ. 'ಸೊಉಮಿನ್' ಎಂಬ ಬಗೆಯವರಿಗೆ ಮೈ ತಂಪು, ಜೀರ್ಣಶಕ್ತಿ ಕಡಿಮೆ. ಅವರಿಗೆ ಉಂಡದ್ದು ಅರಗಿದರೆ ಆರೋಗ್ಯ ಇದೆ ಎಂದೇ ಲೆಕ್ಕ. ಇನ್ನೊಂದು ಬಗೆಯವರಿಗೆ ಬೆವರು ಚೆನ್ನಾಗಿ ಬರಬೇಕು, ಮತ್ತೊಂದು ಬಗೆಯವರಿಗೆ ಮಲವಿಸರ್ಜನೆ ಸರಿಯಿರಬೇಕು, ನಾಲ್ಕನೆಯವರಿಗೆ ಮೂತ್ರ ಸರಾಗವಾಗಿ ಹೋಗಬೇಕು. ಆದ್ದರಿಂದ ಅಲ್ಲಿನ ವೈದ್ಯ ನಿದ್ದೆಗೆಟ್ಟವನನ್ನು ನೋಡಿದರೂ ಹಸಿವು, ಮಲ, ಮೂತ್ರ, ಬೆವರು ಎಲ್ಲವನ್ನೂ ವಿಚಾರಿಸುತ್ತಾನೆ. 'ಇದು ಯಾವ ಕಾಯಿಲೆ' ಎಂದು ಕೇಳುವ ಮೊದಲು 'ಇವನು ಯಾವ ಬಗೆಯ ಮನುಷ್ಯ' ಎಂದು ಕೇಳುತ್ತಾನೆ.

ಇದನ್ನು ಓದಿದಾಗ ನಮಗೆ ಏನೋ ಪರಿಚಿತ ಎನಿಸುತ್ತದೆ, ಅಲ್ಲವೇ? ನಮ್ಮ ಉತ್ತರ ಕರ್ನಾಟಕದ ಕಡೆ ಹುಷಾರಿಲ್ಲ ಎನ್ನುವುದಕ್ಕೆ "ಪ್ರಕೃತಿ ಬರೋಬ್ಬರಿ ಇಲ್ಲ" ಎನ್ನುತ್ತಾರೆ. "ಅದು ನನ್ನ ದೇಹಪ್ರಕೃತಿಗೆ ಆಗಿಬರೋದಿಲ್ಲ", "ಅವಳದು ಉಷ್ಣದ ದೇಹ", "ಪಿತ್ತ ನೆತ್ತಿಗೇರಿತು", ಇವೆಲ್ಲ ನಮ್ಮ ದಿನನಿತ್ಯದ ಮಾತುಗಳೇ. ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಎಂಬ ಮೂರು ದೋಷಗಳು. ಅವುಗಳಿಗೆ ತಕ್ಕಂತೆ ಹೊಟ್ಟೆಯ ಅಗ್ನಿಯೂ ಬೇರೆ: ವಾತದವರಿಗೆ ವಿಷಮಾಗ್ನಿ (ಒಂದು ದಿನ ಅರಗುತ್ತದೆ, ಒಂದು ದಿನ ಇಲ್ಲ), ಪಿತ್ತದವರಿಗೆ ತೀಕ್ಷ್ಣಾಗ್ನಿ, ಕಫದವರಿಗೆ ಮಂದಾಗ್ನಿ. ಚರಕ ಸಂಹಿತೆಯು ದೇಹವನ್ನು ಎತ್ತಿ ಹಿಡಿಯುವ ಮೂರು ಆಧಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಆಹಾರ, ಎರಡನೆಯದು ನಿದ್ದೆ. ಎರಡನ್ನೂ ಅಕ್ಕಪಕ್ಕದಲ್ಲೇ ಇಟ್ಟಿದ್ದಾರೆ ನೋಡಿ!

ಯುರೋಪಿನವರೇನು ಕಡಿಮೆ? ಗ್ರೀಕರ ಕಾಲದಿಂದ ಅವರದು ನಾಲ್ಕು ರಸಗಳ ಲೆಕ್ಕ: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಯಾವುದು ಹೆಚ್ಚೋ ಅದರಂತೆ ಮನುಷ್ಯನ ಸ್ವಭಾವ. ಹೊಟ್ಟೆಯಲ್ಲಿ ಅನ್ನ ಬೇಯುವಾಗ ಆವಿ ಎದ್ದು ತಲೆಗೆ ಏರುತ್ತದೆ, ಅದರಿಂದಲೇ ನಿದ್ದೆ ಬರುತ್ತದೆ ಎಂದು ಅರಿಸ್ಟಾಟಲ್ ಬರೆದಿದ್ದ. ಅಂದರೆ ಅವರ ಪ್ರಕಾರವೂ ನಿದ್ದೆಯ ಬೇರು ಹೊಟ್ಟೆಯಲ್ಲಿ.

ಗೋವಾಕ್ಕೆ ಬಂದ ವೈದ್ಯ

ಈಗ ನಮ್ಮ ಊರಿಗೆ ಬರೋಣ. 1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಗೋವಾವನ್ನು ಬಿಜಾಪುರದ ಆದಿಲಶಾಹಿಗಳಿಂದ ಗೆದ್ದುಕೊಂಡ. ಅವನಿಗೆ ದಾರಿ ತೋರಿಸಿದವನು ಹೊನ್ನಾವರದ ಕಡೆಯ ತಿಮ್ಮಯ್ಯ (ಪೋರ್ಚುಗೀಸರ ಬಾಯಲ್ಲಿ ತಿಮೋಜ) ಎಂಬುದನ್ನು ಪಾಠದಲ್ಲಿ ಓದಿರುತ್ತೀರಿ. ಪೋರ್ಚುಗೀಸ್ ಸೈನಿಕರಿಗಾಗಿ ಹಳೆ ಗೋವಾದಲ್ಲಿ ರಾಜ ಆಸ್ಪತ್ರೆಯೂ ಶುರುವಾಯಿತು. ಹಡಗಿನಲ್ಲಿ ತಿಂಗಳುಗಟ್ಟಲೆ ನರಳಿ ಬಂದವರಿಗೆ ಇಲ್ಲಿಯ ಸೆಖೆ, ಮಳೆ, ಊಟ ಯಾವುದೂ ಒಗ್ಗುತ್ತಿರಲಿಲ್ಲ.

1534ರಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಇಲ್ಲಿಗೆ ಬಂದಿಳಿದ. ಸ್ಪೇನಿನ ಸಲಮಾಂಕಾ ಮತ್ತು ಅಲ್ಕಲಾ ವಿಶ್ವವಿದ್ಯಾಲಯಗಳಲ್ಲಿ ಓದಿದವನು. ಮುಂದೆ ರಾಜ್ಯಪಾಲನಾದ ಮಾರ್ತಿಂ ಅಫೊನ್ಸೊ ದ ಸೋಜಾನ ಜೊತೆ ಬಂದವನು, ಮತ್ತೆ ತನ್ನ ದೇಶಕ್ಕೆ ಹಿಂತಿರುಗಲಿಲ್ಲ. ವೈಸರಾಯ್‌ಗಳಿಗೂ ಅಹಮದನಗರದ ಬುರ್ಹಾನ್ ನಿಜಾಮ್ ಶಾಹನಿಗೂ ವೈದ್ಯನಾದ. 1563ರಲ್ಲಿ ಗೋವಾದಲ್ಲೇ ಒಂದು ಪುಸ್ತಕ ಅಚ್ಚು ಹಾಕಿಸಿದ. ಭಾರತದ ಗಿಡಮೂಲಿಕೆ ಮತ್ತು ಮದ್ದುಗಳ ಬಗ್ಗೆ ಸಂಭಾಷಣೆಯ ರೂಪದ ಪುಸ್ತಕ ಅದು. ಗೋವಾಕ್ಕೆ ಅಚ್ಚುಯಂತ್ರ ಬಂದದ್ದೇ 1556ರಲ್ಲಿ. ಹಾಗಾಗಿ ಇದು ಭಾರತದಲ್ಲಿ ಅಚ್ಚಾದ ಮೊದಮೊದಲ ಪುಸ್ತಕಗಳಲ್ಲಿ ಒಂದು. 1567ರಲ್ಲಿ ಕ್ಲೂಸಿಯಸ್ ಎಂಬ ವಿದ್ವಾಂಸ ಇದನ್ನು ಲ್ಯಾಟಿನ್‌ಗೆ ಸಂಗ್ರಹಿಸಿದ ಮೇಲೆ ಯುರೋಪೆಲ್ಲ ಓದಿತು. ಪಣಜಿಯ ನಡುವೆ ಇರುವ ಉದ್ಯಾನಕ್ಕೆ ಅವನದೇ ಹೆಸರು. ಅಲ್ಲಿ ಕುಳಿತು ಶೇಂಗಾ ತಿಂದವರು ನಮ್ಮಲ್ಲಿ ಎಷ್ಟೋ ಜನ!

ಪುಸ್ತಕದಲ್ಲಿ ಮಾತಾಡುವವರು ಇಬ್ಬರು. ಒಬ್ಬ ಓರ್ತಾ. ಇನ್ನೊಬ್ಬ ಈಗ ತಾನೆ ಹಡಗಿನಿಂದ ಇಳಿದ ರುವಾನೊ ಎಂಬ ಕಾಲ್ಪನಿಕ ವೈದ್ಯ. ರುವಾನೊ ಪುಸ್ತಕದ ಮಾತು ನಂಬುತ್ತಾನೆ, ಓರ್ತಾ ಕಣ್ಣಾರೆ ಕಂಡದ್ದನ್ನು ನಂಬುತ್ತಾನೆ. ಒಂದು ಸಂಭಾಷಣೆಯಲ್ಲಿ ಮಾಲುಪ ಎಂಬ ಸ್ಥಳೀಯ ವೈದ್ಯನೂ ಬಂದು ಮಾತಾಡುತ್ತಾನೆ. ಇಂಥ ವೈದ್ಯರನ್ನು ಪೋರ್ಚುಗೀಸರು 'ಪಂಡಿತ' ಎಂದೇ ಕರೆಯುತ್ತಿದ್ದರು. ಒಂದು ಮೇಜಿನ ಸುತ್ತ ನಾಲ್ಕು ರಸಗಳ ವಿದ್ಯೆಯೂ ಮೂರು ದೋಷಗಳ ವಿದ್ಯೆಯೂ ಮುಖಾಮುಖಿಯಾದದ್ದು ಹೀಗೆ.

ಮೊಡಶಿ ಮತ್ತು ಗಂಜಿ

ಹೊಟ್ಟೆಯ ವಿಷಯದಲ್ಲಿ ಓರ್ತಾ ಬರೆದದ್ದರಲ್ಲಿ ಹೆಚ್ಚು ಭಯಂಕರವಾದದ್ದು 'ಮೊರ್ಶಿ' ಅಥವಾ 'ಮೊರ್ದೆಶಿ' ಎಂಬ ಕಾಯಿಲೆ. ಮರಾಠಿ, ಕೊಂಕಣಿಯಲ್ಲಿ ಅಜೀರ್ಣಕ್ಕೆ ಇರುವ 'ಮೊಡಶಿ' ಎಂಬ ಮಾತೇ ಇದು. ಮುಂದೆ ಫ್ರೆಂಚರು ಇದೇ ಮಾತನ್ನು ತಮ್ಮ ಭಾಷೆಯ 'ನಾಯಿಸಾವು' ಎಂಬ ಅರ್ಥದ ಪದವಾಗಿ ತಿರುಚಿಕೊಂಡರು! ವಾಂತಿ, ಭೇದಿ, ಸೆಡೆತ. ಒಂದೇ ದಿನದಲ್ಲಿ ಗಟ್ಟಿಮುಟ್ಟಾದ ಆಳೂ ಹೋಗಿಬಿಡುತ್ತಿದ್ದ. ಇಂದಿನ ಲೆಕ್ಕದಲ್ಲಿ ಇದು ಕಾಲರಾದಂಥ ಬೇನೆ. 1543ರಲ್ಲಿ ಗೋವಾದಲ್ಲಿ ಇದು ಹಬ್ಬಿದಾಗ, ಸತ್ತವರಿಗಾಗಿ ಚರ್ಚಿನ ಗಂಟೆ ಬಾರಿಸಬಾರದೆಂದು ಅಪ್ಪಣೆಯಾಯಿತು. ಗಂಟೆಯ ಸದ್ದಿಗೇ ಜನ ಕಂಗೆಡುತ್ತಿದ್ದರು ಎಂದು ಅಂದಿನ ಇತಿಹಾಸಕಾರ ಗಾಸ್ಪರ್ ಕೊರೆಯಾ ದಾಖಲಿಸಿದ್ದಾನೆ.

ಜೂನ್, ಜುಲೈ ತಿಂಗಳಲ್ಲಿ ಇದರ ಕಾಟ ಜಾಸ್ತಿ, ಹೊಟ್ಟೆಬಾಕರಿಗೆ ಇದು ಬೇಗ ತಗಲುತ್ತದೆ ಎಂದು ಓರ್ತಾ ಹೇಳುತ್ತಾನೆ. ಸೌತೆಕಾಯಿ ತಿಂದು ಸತ್ತ ಒಬ್ಬ ಪಾದ್ರಿಯ ಉದಾಹರಣೆಯನ್ನೂ ಕೊಡುತ್ತಾನೆ. ನೀರಿನಿಂದ ಹರಡುವ ಸೂಕ್ಷ್ಮಜೀವಿಯ ವಿಷಯ ಆಗ ಯಾರಿಗೂ ತಿಳಿದಿರಲಿಲ್ಲ.

ಪಂಡಿತರ ಚಿಕಿತ್ಸೆ ಏನು? ಅನ್ನ ಬಸಿದ ನೀರಿಗೆ ಮೆಣಸು, ಜೀರಿಗೆ ಹಾಕಿ ಕುಡಿಸುತ್ತಿದ್ದರು. ಓರ್ತಾ ಅದರ ಹೆಸರನ್ನೂ ಬರೆದುಕೊಂಡಿದ್ದಾನೆ: 'ಕಂಜಿ'. ನಮ್ಮ ಗಂಜಿ, ಗೋವಾದವರ ಪೇಜ್! ಇಂದು ಭೇದಿಗೆ ವೈದ್ಯರು ಕೊಡುವ ಉಪ್ಪು-ಸಕ್ಕರೆ ನೀರಿನ ಬದಲು ಅಕ್ಕಿಯಿಂದ ಮಾಡಿದ ದ್ರಾವಣವನ್ನೂ ಬಳಸುತ್ತಾರೆ, ಕಾಲರಾ ರೋಗಿಗಳಿಗೆ ಅದು ಚೆನ್ನಾಗಿ ಹಿಡಿಯುತ್ತದೆ. ಕಳೆದುಕೊಂಡ ನೀರನ್ನು ಮತ್ತೆ ತುಂಬುವುದೇ ಅಲ್ಲಿ ಪ್ರಾಣ ಉಳಿಸುವ ಕೆಲಸ. ಪಂಡಿತರ ಕೈ ಸರಿಯಾದ ಕಡೆಗೇ ಹೋಗಿತ್ತು. ಆದರೆ ಅವರೇ ರೋಗಿಯ ಪಾದಕ್ಕೆ ಬರೆಯನ್ನೂ ಹಾಕುತ್ತಿದ್ದರು! ಅದರಿಂದ ನೋವಲ್ಲದೆ ಬೇರೇನೂ ಸಿಗುವುದಿಲ್ಲ. ಹಳೆಯದು ಎಂದ ಮಾತ್ರಕ್ಕೆ ಎಲ್ಲವೂ ಸರಿಯಲ್ಲ, ಎಲ್ಲವೂ ತಪ್ಪೂ ಅಲ್ಲ.

ವಿಜಯನಗರದ ಕುದುರೆ

ಇಂಗಿನ ಅಧ್ಯಾಯದಲ್ಲಿ ನಮ್ಮ ಕನ್ನಡನಾಡಿನ ಒಂದು ಸೊಗಸಾದ ಕಥೆ ಇದೆ. ಆ ಕಾಲದಲ್ಲಿ ಅರಬ್ಬೀ ಕುದುರೆಗಳು ಗೋವಾದ ಮೂಲಕವೇ ವಿಜಯನಗರಕ್ಕೆ ಹೋಗುತ್ತಿದ್ದವು. ಒಬ್ಬ ಪೋರ್ಚುಗೀಸನ ಹತ್ತಿರ ಒಳ್ಳೆಯ ಬೆಲೆಬಾಳುವ ಕುದುರೆ ಇತ್ತು. ಆದರೆ ಅದಕ್ಕೆ ಹೊಟ್ಟೆಯುಬ್ಬರ, ಸದಾ ವಾಯು. ವಿಜಯನಗರದ ರಾಜ ಬೇಡವೆಂದ. ಪೋರ್ಚುಗೀಸ ಅದಕ್ಕೆ ಹಿಟ್ಟಿನಲ್ಲಿ ಇಂಗು ಕಲೆಸಿ ತಿನ್ನಿಸಿ ಗುಣಪಡಿಸಿದ. ಆಮೇಲೆ ರಾಜ ಒಳ್ಳೆಯ ಬೆಲೆ ಕೊಟ್ಟು ಕೊಂಡ. ಏನು ಮದ್ದು ಕೊಟ್ಟೆ ಎಂದು ವಿಚಾರಿಸಿದಾಗ ಇಂಗು ಎಂಬ ಉತ್ತರ ಬಂತು. ಹಾಗಾದರೆ ಆಶ್ಚರ್ಯವಿಲ್ಲ, ನೀನು ಕೊಟ್ಟದ್ದು ದೇವರ ಊಟ ಎಂದ ರಾಜ. ದೇವರದ್ದಲ್ಲ, ಸೈತಾನನದ್ದು ಎಂದು ಪೋರ್ಚುಗೀಸ ತನ್ನ ಭಾಷೆಯಲ್ಲಿ ಮೆಲ್ಲಗೆ ಗೊಣಗಿಕೊಂಡ!

ಒಬ್ಬನಿಗೆ ಪರಿಮಳ, ಇನ್ನೊಬ್ಬನಿಗೆ ದುರ್ನಾತ. ಆದರೆ ಕುದುರೆಯ ಹೊಟ್ಟೆಗೆ ಆ ಭೇದ ಗೊತ್ತಾಗಲಿಲ್ಲ, ಅದು ಗುಣವಾಯಿತು. ಇವತ್ತಿಗೂ ಸಾರಿನ ಒಗ್ಗರಣೆಗೆ, ಮಜ್ಜಿಗೆಗೆ ನಾವು ಇಂಗು ಹಾಕುವುದು ವಾಯುವಿಗೆ ಒಳ್ಳೆಯದೆಂದೇ.

ನಿದ್ದೆಗೆಟ್ಟ ಕ್ಯಾಪ್ಟನ್‌ಗಳು

ಇನ್ನು ನಿದ್ದೆಯ ವಿಷಯ. ಭಂಗಿಯ ಬಗ್ಗೆ ಬರೆಯುತ್ತಾ ಓರ್ತಾ ಒಂದು ಮಾತು ಹೇಳುತ್ತಾನೆ. ಹಿಂದೆ ದೊಡ್ಡ ದೊಡ್ಡ ಸೇನಾಪತಿಗಳು ಇದನ್ನು ಮದ್ಯದ ಜೊತೆ ಇಲ್ಲವೆ ಅಫೀಮಿನ ಜೊತೆ ತೆಗೆದುಕೊಳ್ಳುತ್ತಿದ್ದರಂತೆ. ಏಕೆಂದರೆ ರಾತ್ರಿಯೆಲ್ಲ ಎಚ್ಚರವಿರುವುದೇ ಅವರಿಗೆ ಚಿತ್ರಹಿಂಸೆಯಾಗಿತ್ತು. ಚಿಂತೆ ಮರೆತು ಒಂದಿಷ್ಟು ನಿದ್ದೆ ಬಂದರೆ ಸಾಕು ಎನ್ನುವ ಸ್ಥಿತಿ. ಗುಜರಾತಿನ ಸುಲ್ತಾನ ಬಹಾದೂರ್ ಶಾಹನೂ ಮಾರ್ತಿಂ ಅಫೊನ್ಸೊನಿಗೆ ಹೇಳಿದ್ದನಂತೆ: ರಾತ್ರಿ ಪೋರ್ಚುಗಲ್, ಬ್ರೆಜಿಲ್, ತುರ್ಕಿ, ಅರೇಬಿಯಾ ಎಲ್ಲಿಗೆ ಹೋಗಬೇಕೆನಿಸಿದರೂ ಸ್ವಲ್ಪ ಭಂಗಿ ತಿಂದರಾಯಿತು ಎಂದು. ಓರ್ತಾನ ಮನೆಯ ಕೆಲಸದವರೂ ಅವನಿಗೆ ತಿಳಿಯದಂತೆ ತಿನ್ನುತ್ತಿದ್ದರು. ದುಡಿದ ಆಯಾಸ ಗೊತ್ತಾಗುವುದಿಲ್ಲ, ಖುಷಿಯಾಗುತ್ತದೆ, ಹಸಿವೂ ಚೆನ್ನಾಗಿ ಆಗುತ್ತದೆ ಎಂದು ಅವರು ಹೇಳಿದರಂತೆ. ನೋಡಿ, ಇಲ್ಲಿಯೂ ನಿದ್ದೆ ಮತ್ತು ಹಸಿವು ಜೊತೆಜೊತೆಯಾಗಿವೆ. ಸೇನಾಪತಿಗೆ ಚಿಂತೆ, ಆಳಿಗೆ ದುಡಿಮೆ, ಇಬ್ಬರೂ ಹೋದದ್ದು ಒಂದೇ ಸೊಪ್ಪಿನ ಹತ್ತಿರ. ತಾನು ಮಾತ್ರ ಅದನ್ನು ಪ್ರಯೋಗಿಸಿಲ್ಲ, ಪ್ರಯೋಗಿಸುವ ಆಸೆಯೂ ಇಲ್ಲ ಎಂದು ಓರ್ತಾ ಸ್ಪಷ್ಟವಾಗಿ ಬರೆದಿದ್ದಾನೆ.

ಅಫೀಮಿನ ಪರಿಣಾಮವನ್ನೂ ಅವನು ಕಂಡಿದ್ದ. ನಿಜಾಮ್ ಶಾಹನ ಕಾರ್ಯದರ್ಶಿಯೊಬ್ಬ, ಖೊರಾಸಾನದವನು, ದಿನಕ್ಕೆ 3 ತೊಲ ಅಫೀಮು ತಿನ್ನುತ್ತಿದ್ದ. ಓದಿದವನು, ಒಳ್ಳೆಯ ಬರಹಗಾರ. ಆದರೆ ಯಾವಾಗಲೂ ತೂಕಡಿಕೆ. ಮಕ್ಕಳೇ, ಇದನ್ನು ಚೆನ್ನಾಗಿ ನೆನಪಿಡಿ: ಅಮಲಿನಿಂದ ಕಣ್ಣು ಮುಚ್ಚುವುದು ನಿದ್ದೆಯಲ್ಲ. ಅಮಲು ಬೇರೆ, ವಿಶ್ರಾಂತಿ ಬೇರೆ.

ಹಗಲು ನಿಷೇಧ, ರಾತ್ರಿ ಕರೆ

ಈಗ ಕಥೆಯ ಕಹಿ ಭಾಗ. ಪಂಡಿತರ ಕೈಗುಣ ಪೋರ್ಚುಗೀಸರಿಗೆ ಚೆನ್ನಾಗಿ ಗೊತ್ತಿತ್ತು. 1583ರಿಂದ 1588ರವರೆಗೆ ಗೋವಾದಲ್ಲಿದ್ದ ಡಚ್ಚರ ಲಿನ್ಸ್ಕೋಟನ್, 1596ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಹೀಗೆ ತಿಳಿಸುತ್ತಾನೆ: ವೈಸರಾಯ್, ಆರ್ಚ್‌ಬಿಷಪ್, ಸನ್ಯಾಸಿಗಳು ಸಹ ತಮ್ಮ ದೇಶದ ವೈದ್ಯರಿಗಿಂತ ಇಲ್ಲಿನ ವೈದ್ಯರನ್ನೇ ಹೆಚ್ಚು ನಂಬುತ್ತಾರೆ. ಬೇರೆ ಹಿಂದೂಗಳಿಗೆ ಸುಲಭಕ್ಕೆ ಸಿಗದ ಒಂದು ಮರ್ಯಾದೆ, ಅಂದರೆ ತಲೆಯ ಮೇಲೆ ಕೊಡೆ ಹಿಡಿಸಿಕೊಂಡು ಬೀದಿಯಲ್ಲಿ ಹೋಗುವುದು, ಇವರಿಗೆ ಇತ್ತು.

ಆದರೆ ಕಾಗದದ ಮೇಲಿನ ಕಾನೂನು ಬೇರೆಯೇ. 1567ರಲ್ಲಿ ಗೋವಾದಲ್ಲಿ ಸೇರಿದ ಚರ್ಚಿನ ಪ್ರಾಂತೀಯ ಸಭೆ, ಕ್ರೈಸ್ತರು ಹಿಂದೂ ವೈದ್ಯರ ಹತ್ತಿರ ಹೋಗಬಾರದೆಂದು ನಿರ್ಣಯಿಸಿತು. 1618ರಲ್ಲಿ ನಗರದ ಆಡಳಿತ ಪಂಡಿತರಿಗೆ ಪರವಾನಗಿ ಕಡ್ಡಾಯ ಮಾಡಿ, ಅವರ ಸಂಖ್ಯೆ 30ನ್ನು ಮೀರಬಾರದೆಂದು ಮಿತಿ ಹಾಕಿತು. ಮಿತಿ ಹಾಕಬೇಕಾಯಿತು ಎಂದರೇನು? 51 ವರ್ಷ ನಿಷೇಧಿಸಿದರೂ ಜನ ಹೋಗುವುದನ್ನು ಬಿಟ್ಟಿರಲಿಲ್ಲ ಎಂದೇ ಅರ್ಥ. ಹಗಲು ಸಭೆಯಲ್ಲಿ ಬೇಡವೆಂದವರಿಗೇ ಹೊಟ್ಟೆ ನುಲಿದ ರಾತ್ರಿಯಲ್ಲಿ ಪಂಡಿತ ಬೇಕಾಗುತ್ತಿದ್ದ.

ಓರ್ತಾನ ಕಥೆ ಇನ್ನೂ ನೋವಿನದು. ಅವನದು ಬಲವಂತದ ಮತಾಂತರದ ನಂತರದ ಯಹೂದಿ ಮೂಲದ ಕುಟುಂಬ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಪುಸ್ತಕ ಅಚ್ಚಾದದ್ದು ಅದಾಗಿ ಮೂರೇ ವರ್ಷಕ್ಕೆ. ಓರ್ತಾ 1568ರಲ್ಲಿ ತೀರಿಕೊಂಡ. ಮರುವರ್ಷವೇ ಅವನ ತಂಗಿ ಕತಾರಿನಾಳನ್ನು ಗೋವಾದಲ್ಲಿ ಜೀವಂತ ಸುಟ್ಟರು. 1580ರಲ್ಲಿ ಓರ್ತಾನ ಮೂಳೆಗಳನ್ನೂ ಗೋರಿಯಿಂದ ತೆಗೆದು ಸುಟ್ಟರು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ವೈದ್ಯ ರೋಗಿಯನ್ನು ಕೇಳುತ್ತಾನೆ: ನೀನು ಯಾವ ಪ್ರಕೃತಿಯವನು, ಏನು ಉಣ್ಣುತ್ತೀ, ಹೇಗೆ ಉಣ್ಣುತ್ತೀ? ಗುಣಪಡಿಸಲು ಕೇಳುತ್ತಾನೆ. ಅದೇ ಊರಿನಲ್ಲಿ, ಅದೇ ಕಾಲದಲ್ಲಿ, ಇನ್‌ಕ್ವಿಸಿಷನ್ ಕೂಡ ಇದೇ ಪ್ರಶ್ನೆಗಳನ್ನು ಕೇಳುತ್ತಿತ್ತು: ನೀನು ಯಾರು, ಏನು ಉಣ್ಣುತ್ತೀ, ಯಾವತ್ತು ಉಪವಾಸ? ಅದು ಶಿಕ್ಷಿಸಲು. ಮುಂದೆ 1736ರ ಒಂದು ಆಜ್ಞೆಯಲ್ಲಿ ಕ್ರೈಸ್ತರು ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸಿ ಆಮೇಲೆ ಉಪ್ಪು ಹಾಕಿಕೊಳ್ಳುವುದನ್ನೂ ನಿಷೇಧಿಸಿದರು. ಒಲೆಯ ಮೇಲಿನ ಅನ್ನವೂ ಸಾಕ್ಷಿಯಾಗಿಬಿಟ್ಟಿತು. 1774ರಿಂದ 1778ರವರೆಗೆ ನಿಂತು ಮತ್ತೆ ನಡೆದ ಈ ನ್ಯಾಯಾಲಯ ಮುಚ್ಚಿದ್ದು 1812ರಲ್ಲಿ.

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬುದು ನಮ್ಮ ಗಾದೆ. ನೆರೆಮನೆಯವರು ಚಾಡಿ ಹೇಳಿಯಾರು ಎಂಬ ಭಯವಿರುವ ಊರಿನಲ್ಲಿ ವಾತ ಪಿತ್ತ ಕಫ ಮೂರೂ ಸಮವಾಗಿದ್ದರೂ ನಿದ್ದೆ ಬಂದೀತೇ? ಮನುಷ್ಯನ ಪ್ರಕೃತಿಯ ಜೊತೆಗೆ ಅವನು ಬದುಕುವ ಊರಿನ ಪ್ರಕೃತಿಯನ್ನೂ ನೋಡಬೇಕು ಎಂದು ಈ ಇತಿಹಾಸ ನನಗೆ ಹೇಳುತ್ತದೆ.

ನಾವು ಕಲಿಯಬೇಕಾದದ್ದು

ನಮ್ಮ ಮಕ್ಕಳಿಗೆ ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು: ಓರ್ತಾನ ಪುಸ್ತಕದಲ್ಲಿ 'ಕನಾರಿಗಳು' ಹೀಗೆನ್ನುತ್ತಾರೆ ಎಂದು ಬಂದರೆ ಅದು ಕನ್ನಡಿಗರು ಎಂದು ಹಿಗ್ಗಬೇಡಿ. ಪೋರ್ಚುಗೀಸರು ಗೋವಾದ ಜನರನ್ನು, ಅವರ ಕೊಂಕಣಿಯನ್ನು ಹಾಗೆ ಕರೆಯುತ್ತಿದ್ದರು. 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸನ 'ಕನಾರಿಂ' ವ್ಯಾಕರಣವೂ ಕೊಂಕಣಿಯದೇ. ನಮ್ಮದಲ್ಲದ್ದನ್ನು ನಮ್ಮದೆನ್ನುವುದು ಬೇಡ. ವಿಜಯನಗರದ ಕುದುರೆ ನಮ್ಮದಿದೆಯಲ್ಲ, ಸಾಕು!

ಎರಡು: ಪಂಡಿತರ ಮಾತು ಇಲ್ಲಿ ನಮಗೆ ಸಿಗುವುದು ಓರ್ತಾ, ಲಿನ್ಸ್ಕೋಟನ್ ಅಂಥವರ ಲೇಖನಿಯಿಂದ. ಮಾಲುಪ ತಾನೇ ಬರೆದಿದ್ದರೆ ಏನು ಬರೆಯುತ್ತಿದ್ದನೋ! ಬರೆದಿಟ್ಟವರ ಮಾತು ಉಳಿಯುತ್ತದೆ. ಹಾಗಾಗಿ ನಿಮ್ಮ ಅಜ್ಜಿಯ ಹತ್ತಿರ ಕುಳಿತು ಗಂಜಿ, ಇಂಗಿನ ಮಜ್ಜಿಗೆ, ಮುರುಗಲಿನ ಸಾರು (ಕಾಸರಗೋಡಿನವರ ಪುನರ್ಪುಳಿ, ಗೋವಾದ ಕೋಕಂ) ಇವನ್ನು ಅವರು ಯಾವಾಗ, ಯಾರಿಗೆ, ಏಕೆ ಕೊಡುತ್ತಾರೆ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಜ್ಜಿಯ ಮಾತನ್ನು ಅಜ್ಜಿಯ ಕನ್ನಡದಲ್ಲೇ ಬರೆಯಿರಿ.

ಮೂರು: ಇತಿಹಾಸ ಔಷಧಿಯ ಚೀಟಿಯಲ್ಲ. ಭಂಗಿ, ಅಫೀಮು ಖಂಡಿತ ಬೇಡ. ರಾತ್ರಿ ತಡವಾಗಿ ಹೊಟ್ಟೆ ಬಿರಿಯುವಂತೆ ಉಂಡು ಮಲಗಿದರೆ ಹುಳಿತೇಗು ಬಂದು ನಿದ್ದೆ ಕೆಡುತ್ತದೆ ಎಂಬುದನ್ನು ಇಂದಿನ ವೈದ್ಯರೂ ಹೇಳುತ್ತಾರೆ. ಊಟಕ್ಕೂ ಹಾಸಿಗೆಗೂ ಎರಡು ಮೂರು ಗಂಟೆ ಅಂತರವಿರಲಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ತೂಕ ಇಳಿಯುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ವೈದ್ಯರನ್ನು ಕಾಣಿ.

ಗೋವಾದಲ್ಲಿ 1842ರಲ್ಲಿ ಪಾಶ್ಚಾತ್ಯ ಪದ್ಧತಿಯ ವೈದ್ಯಕೀಯ ಶಾಲೆ ಶುರುವಾಯಿತು. ಮೊನ್ನೆ ಮೊನ್ನೆ, 2022ರ ಡಿಸೆಂಬರ್‌ನಲ್ಲಿ, ಪೆಡ್ನೆ ತಾಲ್ಲೂಕಿನ ಧಾರಗಳದಲ್ಲಿ ಅಖಿಲ ಭಾರತ ಆಯುರ್ವೇದ ಸಂಸ್ಥೆಯ ಕೇಂದ್ರವೂ ತೆರೆಯಿತು. ಒಂದು ಕಾಲದಲ್ಲಿ 30 ಜನಕ್ಕಿಂತ ಹೆಚ್ಚು ಇರಬಾರದು ಎಂದ ನೆಲದಲ್ಲೇ ಈಗ ಸರ್ಕಾರವೇ ಆ ವಿದ್ಯೆಯನ್ನು ಕಲಿಸುತ್ತಿದೆ. ಎರಡೂ ಬಾಗಿಲು ತೆರೆದಿವೆ. ಯಾವ ಬಾಗಿಲಿಗೆ ಹೋದರೂ, ಒಳಗಿರುವವರು ನಮ್ಮನ್ನು "ಏನಪ್ಪಾ, ಊಟ ಸೇರುತ್ತಾ? ನಿದ್ದೆ ಬರುತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯುವಷ್ಟು ಪುರುಸೊತ್ತು ಇಟ್ಟುಕೊಂಡಿರಲಿ ಎಂಬುದೇ ನನ್ನ ಆಸೆ.

ಅಜ್ಜಿಯಿಂದ ಬರೆದುಕೊಂಡದ್ದನ್ನು ಶಾಲೆಗೆ ತರುವುದು ಮರೆಯಬೇಡಿ. ಮತ್ತೆ ಸಿಗೋಣ.